ಎಸ್ತೇರಮ್ಮನವರ ಮೊದಲ ತುತ್ತು

೨೦೨೧ರಲ್ಲಿ ನಾನು ಅಟ್ಲಾಂಟಾದ ಉತ್ತರಕ್ಕಿರುವ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಹೆಸರು ಕೇಳಿದವರೆಲ್ಲ ಮಾತು ಕಲಿಸುವ ಟೀಚರ್ ಅಂದುಕೊಳ್ಳುತ್ತಾರೆ. ನಿಜಕ್ಕೂ ನಮ್ಮ ಅರ್ಧ ಕೆಲಸ ನುಂಗುವುದಕ್ಕೆ ಸಂಬಂಧಿಸಿದ್ದು. ಸ್ಟ್ರೋಕ್ ಆದವರಿಗೆ ತುತ್ತು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ನಾವು ಮನೆಯಲ್ಲಿ ‘ನೆತ್ತಿಗೆ ಹತ್ತಿತು’ ಎಂದು ತಲೆ ತಟ್ಟಿ ಮರೆತುಬಿಡುವ ಸಂಗತಿ ಅವರಿಗೆ ನ್ಯುಮೋನಿಯಾ ತರಬಲ್ಲದು. ಹಾಗಾಗಿ ಒಂದೊಂದೇ ಚಮಚ ಕೊಟ್ಟು, ಗಂಟಲ ಮೇಲೆ ಬೆರಳಿಟ್ಟು ನೋಡಿ, ಬಾಯಿಂದ ಊಟ ಕೊಡಬಹುದೇ ಇಲ್ಲವೇ ಎಂದು ಹೇಳುವವರು ನಾವು.

ಒಂದು ಸೋಮವಾರ ಬೆಳಿಗ್ಗೆ ‘ನಿಮ್ಮ ಭಾಷೆಯವರು’ ಎಂದು ನರ್ಸ್ ನನ್ನನ್ನು ಕರೆದಳು. ಎಸ್ತೇರಮ್ಮ (ಹೆಸರು ಬದಲಿಸಿದ್ದೇನೆ) ಹಾಸನದ ಕಡೆಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿದ್ದವರು. ಆಸ್ಪತ್ರೆಗೆ ಹತ್ತಿರದ ಡುಲುತ್ ಊರಿನಲ್ಲಿರುವ ಮಗಳ ಮನೆಗೆ ಬಂದಿದ್ದಾಗ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ನಿಂತಿತ್ತು. ಮೂಗಿನ ಟ್ಯೂಬಿನಲ್ಲಿ ಆಹಾರ ಹೋಗುತ್ತಿತ್ತು. ವಾರಾಂತ್ಯದಲ್ಲಿ ನನ್ನ ಸಹೋದ್ಯೋಗಿ ಪರೀಕ್ಷೆಗೆ ಹೋದಾಗ ಅವರು ಬಾಯಿಯನ್ನೇ ತೆರೆದಿರಲಿಲ್ಲ. ‘ಎಚ್ಚರ ಸಾಲದು, ಹೇಳಿದ್ದು ತಿಳಿಯುತ್ತಿಲ್ಲ’ ಎಂದು ಚಾರ್ಟಿನಲ್ಲಿತ್ತು. ಅಂದೂ ಹಾಗೇ ಆದರೆ ಹೊಟ್ಟೆಗೆ ರಂಧ್ರ ಮಾಡಿ ಅಲ್ಲಿಗೇ ಟ್ಯೂಬ್ ಹಾಕುವುದೆಂದು ಡಾಕ್ಟರ್ ತೀರ್ಮಾನಿಸಿದ್ದರು.

ಮಗಳು ಸುನೀತಾ ಕೋವಿಡ್ ಬಂದು ಮನೆಯಲ್ಲೇ ಸಿಕ್ಕಿಹಾಕಿಕೊಂಡಿದ್ದಳು. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: “ಮೇಡಂ, ಹೇಗಾದ್ರೂ ಬಾಯಲ್ಲಿ ತಿನ್ನೋ ಹಾಗೆ ಮಾಡಿ. ಹೊಟ್ಟೆಗೆ ಟ್ಯೂಬ್ ಹಾಕಿದ್ರೆ ಅಮ್ಮ ಸೋತ್‌ಹೋಗ್ತಾರೆ.”

“ನಮಸ್ಕಾರ ಅಮ್ಮ” ಎಂದಾಗ ಅವರ ಕಣ್ಣು ಅರಳಿತು. ಎಚ್ಚರವಿಲ್ಲವಂತೆ, ಎಚ್ಚರ! ಕನ್ನಡ ಕೇಳಿದ ಮೇಲೆ ಬಾಯಿ ತೆರೆಯದೆ ಇರುತ್ತಾರೆಯೇ ಎಂದು ಜಂಬದಿಂದಲೇ ಆಪಲ್‌ಸಾಸ್, ಅಂದರೆ ಬೇಯಿಸಿ ಅರೆದ ಸೇಬು, ತುಂಬಿದ ಚಮಚ ಎತ್ತಿದೆ. ಅವರು ಕಣ್ಣು ಮುಚ್ಚಿದರು. ತುಟಿ ಬಿಗಿಯಿತು. ಚಮಚ ಇಳಿಸಿದರೆ ಕಣ್ಣು ಬಿಟ್ಟರು. ಮತ್ತೆ ಎತ್ತಿದೆ, ಮತ್ತೆ ಮುಚ್ಚಿದರು. ನನಗೋ ತಾಳ್ಮೆ ಕಡಿಮೆ, ಆ ಹೊತ್ತಿಗೆ ಹೊಟ್ಟೆಯೂ ಹಸಿದಿತ್ತು. “ಯಾಕಮ್ಮ ಇಷ್ಟು ಹಠ?” ಎಂದುಬಿಟ್ಟೆ. ಪಾಠ ಒಪ್ಪಿಸದ ಹುಡುಗಿಯನ್ನು ನೋಡುವಂತೆ ನನ್ನನ್ನು ನೋಡಿದರು.

ಆಮೇಲೆ ಎಡಗೈ ಮೆಲ್ಲನೆ ಹೊದಿಕೆಯ ಮೇಲೆ ಸರಿದು, ಬಲವಿಲ್ಲದ ಬಲಗೈಯನ್ನು ಹಿಡಿದು ಎದೆಯ ಹತ್ತಿರ ಎಳೆದುಕೊಂಡಿತು. “ಸ್ವಾಧೀನ ಇಲ್ಲದ ಕೈಯನ್ನ ಹೀಗೆ ಉಜ್ಜುತ್ತಲೇ ಇರುತ್ತಾರೆ” ಎಂದಳು ನರ್ಸ್. ಆದರೆ ಅವರು ಉಜ್ಜುತ್ತಿರಲಿಲ್ಲ. ಬೆರಳುಗಳ ನಡುವೆ ಬೆರಳು ಸೇರಿಸಲು ಒದ್ದಾಡುತ್ತಿದ್ದರು.

ಸುನೀತಾಗೆ ಫೋನ್ ಮಾಡಿದೆ. “ಮನೇಲಿ ಅಮ್ಮ ಊಟ ಹೇಗೆ ಶುರು ಮಾಡ್ತಾರೆ?”

“ಹೇಗೆ ಅಂದ್ರೆ... ಪ್ರೇಯರ್ ಮಾಡಿ. ಎಲ್ರ ಪರವಾಗಿ ಅವ್ರೇ ಮಾಡೋದು. ಅದು ಮುಗಿಯೋ ತನಕ ಮಕ್ಕಳೂ ತಟ್ಟೆ ಮುಟ್ಟೋ ಹಾಗಿಲ್ಲ. ಅಯ್ಯೋ ಮೇಡಂ, ಅವ್ರಿಗೀಗ ಮಾತೇ ಬರಲ್ವಲ್ಲ. ನೀವು ಮಾಡ್ತೀರಾ?”

ನಾನು ಮೈಸೂರಿನವಳು, ದೇವಸ್ಥಾನಕ್ಕೆ ಹೋಗುವುದೇ ಪುಳಿಯೋಗರೆಯ ಆಸೆಗೆ. ನನ್ನಿಂದೆಂಥ ಪ್ರಾರ್ಥನೆ? “ನೀನೇ ಮಾಡಮ್ಮ” ಎಂದು ಫೋನನ್ನು ಸ್ಪೀಕರ್‌ಗೆ ಹಾಕಿ ದಿಂಬಿನ ಪಕ್ಕ ಇಟ್ಟೆ. ಬೆರಳುಗಳನ್ನು ಜೋಡಿಸಿಕೊಳ್ಳಲು ಎಸ್ತೇರಮ್ಮನವರಿಗೆ ನೆರವಾದೆ. ಅವರು ಕಣ್ಣು ಮುಚ್ಚಿದರು.

“ಕರ್ತನೇ, ಈ ಊಟಕ್ಕಾಗಿ ಸ್ತೋತ್ರ. ಇದನ್ನ ಮಾಡಿದ ಕೈಗಳನ್ನ ಆಶೀರ್ವದಿಸು. ಇಲ್ಲದವ್ರಿಗೂ ಕೊಡು. ಯೇಸುವಿನ ಹೆಸರಲ್ಲಿ...” ಅಷ್ಟರಲ್ಲಿ ಸುನೀತಾಗೆ ಕೆಮ್ಮು ಒತ್ತರಿಸಿ ಬಂತು. ಕೆಮ್ಮು ನಿಲ್ಲಲಿಲ್ಲ. ಪ್ರಾರ್ಥನೆ ಅಲ್ಲೇ ಸಿಕ್ಕಿಕೊಂಡಿತು. ನಾನೂ ನರ್ಸೂ ಏನು ಮಾಡುವುದೆಂದು ತಿಳಿಯದೆ ನಿಂತಿದ್ದೆವು.

“ಆಮೆನ್.”

ಹೇಳಿದವರು ಎಸ್ತೇರಮ್ಮ. ದನಿ ಒಡೆದಿತ್ತು, ಆದರೆ ಸ್ಪಷ್ಟವಾಗಿತ್ತು. ಹೇಳಿ ಮುಗಿಸಿ ಬಾಯಿ ತೆರೆದರು.

ಜೀವಮಾನವಿಡೀ ಹೇಳಿ ರೂಢಿಯಾದ ಮಾತು ಉಳಿದೆಲ್ಲ ಮಾತು ಹೋದ ಮೇಲೂ ಉಳಿಯಬಹುದು. ನಾವು ಅದನ್ನು ಆಟೋಮ್ಯಾಟಿಕ್ ಸ್ಪೀಚ್ ಎನ್ನುತ್ತೇವೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಚಮಚ ಕೊಟ್ಟು ಗಂಟಲ ಮೇಲೆ ಬೆರಳಿಟ್ಟೆ. ಗಂಟಲ ಮಣಿ ಮೇಲೇರಿ ಇಳಿಯಿತು. ಕೆಮ್ಮಲಿಲ್ಲ, ಉಸಿರು ಕಟ್ಟಲಿಲ್ಲ. ಬಟ್ಟಲು ಖಾಲಿಯಾಯಿತು. ಫೋನಿನಲ್ಲಿ ಸುನೀತಾ ಅಳುತ್ತಿದ್ದಳು.

“ಅಮ್ಮ ಮಾತಾಡಿದ್ರಾ, ಮೇಡಂ?”

“ಮಾತಾಡಿದ್ರು. ತಿಂದ್ರು ಕೂಡ.”

ಹೊಟ್ಟೆಯ ಟ್ಯೂಬ್ ರದ್ದಾಯಿತು, ಕೆಲವು ದಿನಗಳಲ್ಲಿ ಮೂಗಿನದ್ದೂ ಹೋಯಿತು. ಅಂದಿನಿಂದ ರೋಗಿ ಏನು ತಿನ್ನುತ್ತಾರೆ ಎಂದು ಕೇಳುವ ಮೊದಲು ಊಟ ಹೇಗೆ ಶುರು ಮಾಡುತ್ತಾರೆ ಎಂದು ಮನೆಯವರನ್ನು ಕೇಳುತ್ತೇನೆ. ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ಎಸ್ತೇರಮ್ಮ ಆಸ್ಪತ್ರೆಯಿಂದ ಹೊರಡುವ ಹೊತ್ತಿಗೆ ಒಂದೆರಡು ಮಾತು ಮರಳಿದ್ದವು. ನಾನು ರೇಗಿಸಿದೆ: “ಅಲ್ಲಮ್ಮ, ಆ ಸಪ್ಪೆ ಆಪಲ್‌ಸಾಸ್‌ಗೂ ಯಾರಾದ್ರೂ ದೇವ್ರಿಗೆ ಥ್ಯಾಂಕ್ಸ್ ಹೇಳ್ತಾರಾ?”

ಅವರು ಮಾತಿಗಾಗಿ ತಡಕಾಡಿದರು. ಕೊನೆಗೆ ಎಡಗೈಯಿಂದ ತಮ್ಮ ಗಂಟಲು ಮುಟ್ಟಿ ತೋರಿಸಿ ನಕ್ಕರು.

“ಇಳೀತಲ್ಲ, ಮಗಳೇ.”