ಮುಯ್ಯಿ ತೀರಿಸದ ಕಾದಂಬರಿ

ನಾನು ತೆಗೆಯದ ಅಧ್ಯಾಯವೊಂದನ್ನು ನಾನೇ ತೆಗೆದೆನೆಂದು ಲೋಕ ನಂಬುವಂತೆ ಮಾಡಲಾಯಿತು. ಪುಸ್ತಕದ ಎರಡನೆಯ ಪುಟದಲ್ಲಿ ‘ಪರಿಷ್ಕರಣೆ’ ಎಂಬ ಪದದ ಮುಂದೆ ನನ್ನ ಹೆಸರು ಈಗಲೂ ಇದೆ.

ಹೈಸ್ಕೂಲಿನ ಕನ್ನಡ ಅಧ್ಯಾಪಕನಾಗಿ ನಿವೃತ್ತನಾದ ಮೇಲೆ ಹೊನ್ನಾಳಿಯ ಮನೆಯಲ್ಲಿ ಕುಳಿತು ಪ್ರಕಾಶನ ಸಂಸ್ಥೆಯೊಂದಕ್ಕೆ ಹಸ್ತಪ್ರತಿಗಳನ್ನು ತಿದ್ದಿಕೊಡುತ್ತಿದ್ದೆ. ಎರಡು ವರ್ಷಗಳ ಹಿಂದೆ, ಜಗಳೂರಿನ ನರ್ಸ್ ಶಾರದಾ ಹದಿಹರೆಯದವರಿಗಾಗಿ ಬರೆದ ಸಾಹಸ ಕಾದಂಬರಿ ನನ್ನ ಮೇಜಿಗೆ ಬಂತು. ಅದರ ಮಾಯಾವಿದ್ಯೆಗೆ ಮಂತ್ರವಿಲ್ಲ, ದಂಡವಿಲ್ಲ. ನಮ್ಮ ಹೊಲಗಳ ಮುಯ್ಯಾಳು ಪದ್ಧತಿಯೇ ನಿಯಮ. ಇಂದು ನೀವು ನಮ್ಮ ಹೊಲಕ್ಕೆ ದುಡಿಯಲು ಬಂದರೆ ನಾಳೆ ನಾವು ನಿಮ್ಮದಕ್ಕೆ ಬರಬೇಕು. ಹಾಗೆಯೇ ನಾಯಕಿ ಚೆನ್ನಿ ಎತ್ತಿನ ಬಲ ಪಡೆದು ಬಂಡೆ ಉರುಳಿಸಿದರೆ, ಮರುದಿನ ಎತ್ತಿಗೆ ತನ್ನ ಬಲ ಕೊಟ್ಟು, ಮುಯ್ಯಿ ತೀರಿಸಿ ಮಲಗಬೇಕು.

ಉಬ್ರಾಣಿಯ ಕಾಡಿನಲ್ಲಿ ಕಳೆದುಹೋದ ಮಕ್ಕಳನ್ನು ಕರೆಯಲು ಆಕೆ ಎಲ್ಲ ಹಕ್ಕಿಗಳ ಕೊರಳು ಪಡೆಯುತ್ತಾಳೆ. ಮಕ್ಕಳು ಬರುತ್ತಾರೆ. ಕೊನೆಯ ಅಧ್ಯಾಯದಲ್ಲಿ ಆಕೆಗೆ ಮಾತಿಲ್ಲ. ಅಂಗಳದ ಗೊರವಂಕವೊಂದು ಆಕೆಯ ದನಿಯಲ್ಲಿ ‘ಅವ್ವಾ’ ಎನ್ನುತ್ತದೆ. ತಾಯಿ ತಿರುಗಿ ನೋಡುತ್ತಾಳೆ.

ಪ್ರಕಾಶಕರು ಫೋನಿನಲ್ಲಿ ನಕ್ಕರು. “ಮೇಷ್ಟ್ರೇ, ರೊಕ್ಕ ಕೊಟ್ಟು ಅಳಾಕೆ ಹುಡುಗ್ರಿಗೇನು ಹುಚ್ಚು ಹಿಡದೈತಾ? ಆಕಿಗೆ ಮಾತು ಬರಂಗೆ ಮಾಡ್ರಿ.”

ಶಾರದಾ ಒಪ್ಪಲಿಲ್ಲ. “ತಗಂಡಿದ್ದು ಕೊಡದೇ ಹೋದ್ರೆ ಅದು ಮಾಯೆ ಹೆಂಗಾಗ್ತೈತೆ ಸಾರ್? ಕಳ್ಳತನ ಆಗ್ತೈತೆ. ಅದೊಂದು ಅಧ್ಯಾಯ ಉಳಿಸ್ರಿ, ಸಾಕು.”

ಉಳಿಸುತ್ತೇನೆಂದು ಮಾತು ಕೊಟ್ಟೆ. ಅಂತಿಮ ಕರಡಚ್ಚು, ಅಂದರೆ ಮುದ್ರಣಕ್ಕೆ ಒಪ್ಪಿಗೆ ನೀಡುವ ಪ್ರತಿ, ಆ ಅಧ್ಯಾಯದೊಂದಿಗೇ ನನ್ನ ಸಹಿ ಪಡೆದು ಪ್ರಕಾಶಕರಿಗೆ ಹೋಯಿತು.

ಬಿಡುಗಡೆ ಚನ್ನಗಿರಿಯಲ್ಲಿ. ವೇದಿಕೆಯ ಮೇಲೆ ಶಾರದಾ ಪುಸ್ತಕವನ್ನು ಹಿಂದಿನಿಂದ ತೆರೆದರು. ಅಲ್ಲಿ ಚೆನ್ನಿ ಹಾಡು ಹೇಳುತ್ತಾ ಹೋಳಿಗೆ ತಿನ್ನುತ್ತಿದ್ದಳು. ಆಮೇಲೆ ಎರಡನೆಯ ಪುಟ ತಿರುವಿ ನನ್ನ ಹೆಸರು ಓದಿದರು.

“ಆಗಂಗಿಲ್ಲ ಅಂದಿದ್ರೆ ಪುಸ್ತಕನೇ ವಾಪಸ್ ತಗಂತಿದ್ದೆ ಸಾರ್. ಒಂದು ಮಾತು ಹೇಳ್ಬೋದಿತ್ತು.”

“ನಾನಲ್ಲಮ್ಮ” ಎಂದೆ. ಅಷ್ಟರಲ್ಲಿ ಯಾರೋ ನನಗೆ ಶಾಲು ಹೊದಿಸಿದರು. ಶಾರದಾ ನಂಬಿದಂತೆ ಕಾಣಲಿಲ್ಲ. ಪ್ರಕಾಶಕರನ್ನು ಕೇಳಿದರೆ, “ಹೆಸ್ರು ಹಾಕಿ ಮರ್ಯಾದೆ ಕೊಟ್ಟೀವಲ್ರಿ ಮೇಷ್ಟ್ರೇ, ಇನ್ನೇನ್ರಿ?” ಎಂದರು.

ಸಿಟ್ಟೂ ಬರಲಿಲ್ಲ, ದುಃಖವೂ ಬರಲಿಲ್ಲ. ಶಾಲು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. ಇಂದಿಗೂ ಅದನ್ನು ನೋಡಿದಾಗ ಏನೂ ಅನ್ನಿಸುವುದಿಲ್ಲ. ಶಾರದಾ ಆಮೇಲೆ ಒಂದು ಸಾಲೂ ಬರೆದಿಲ್ಲವೆಂದು ತಿಳಿಯಿತು. ನನ್ನ ಫೋನನ್ನೂ ಎತ್ತುವುದಿಲ್ಲ.

ತಿದ್ದುವವನ ಕೆಲಸ ಮುಗಿಯುವುದು ಸಹಿಯೊಂದಿಗಲ್ಲ, ಅಚ್ಚಾದ ಪುಸ್ತಕವನ್ನು ಓದಿ ನೋಡಿದ ಮೇಲೆ. ಈ ವೃತ್ತಿ ಅದನ್ನು ನನಗೆ ತಡವಾಗಿ ಕಲಿಸಿತು. ಪ್ರಕಾಶಕರೇ, ಚೆನ್ನಿಗೆ ನೀವು ದನಿ ಮರಳಿಸಿದಿರಿ. ಆ ದನಿಯ ಮುಯ್ಯಿಯನ್ನು ಈಗ ಯಾರು ತೀರಿಸುತ್ತಿದ್ದಾರೆಂದು ನಿಮಗೆ ಗೊತ್ತೇ?