ನಮ್ಮ ಪಕ್ಷದ ಸಭೆಯಿಂದ ಬಂದ ಮೇಲೆ

ಮಸ್ಕಿಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಒಂದೇ ಪಕ್ಷ. ಚುನಾವಣೆ ಬಂತೆಂದರೆ ಓಣಿಯ ಹೆಣ್ಣುಮಕ್ಕಳ ಜೊತೆ ಮನೆಮನೆಗೆ ಚೀಟಿ ಹಂಚುತ್ತಿದ್ದೆ. ನೀರು, ರಸ್ತೆ, ಹೆರಿಗೆ ಆಸ್ಪತ್ರೆಯ ಮಾತು ಆಡುತ್ತಿದ್ದೆ. ಜನ ಬೈಯುತ್ತಲೇ ಚಹಾ ಕೊಡುತ್ತಿದ್ದರು.

ಹೋದ ಚುನಾವಣೆಗೆ ಲಿಂಗಸುಗೂರಿನಲ್ಲಿ ದೊಡ್ಡ ಸಭೆ. ಕ್ರೂಸರ್ ಗಾಡಿಯಲ್ಲಿ ಕರೆದೊಯ್ದು ಮುಂದಿನ ಸಾಲಿನಲ್ಲೇ ಕೂರಿಸಿದರು. ಹೊರಗಿನಿಂದ ಬಂದ ಭಾಷಣಕಾರ ನೀರಿನ ಮಾತೇ ಎತ್ತಲಿಲ್ಲ. ಸಾಬರ ಅಂಗಡಿಗೆ ಕಾಲಿಡಬೇಡಿ ಎಂದ. ಸುತ್ತಲೂ ಚಪ್ಪಾಳೆ, ಸೀಟಿ. ನನ್ನ ಕೈ ಮಡಿಲು ಬಿಟ್ಟು ಏಳಲಿಲ್ಲ. ನನ್ನ ಅಂಗಡಿಯ ಪಕ್ಕದಲ್ಲೇ, ಓಣಿಯವರೆಲ್ಲ ಆಪಾ ಎಂದು ಕರೆಯುವ ಸಾಬರ ಹಿರಿಯ ಹೆಂಗಸು ಸೀರೆಗೆ ಫಾಲ್, ಪಿಕೋ ಹಾಕುತ್ತಾರೆ. ನನ್ನ ಗಿರಾಕಿಗಳ ಸೀರೆಗಳೆಲ್ಲ ಅವರಲ್ಲಿಗೇ ಹೋಗುವುದು.

ವಾಪಸು ಬರುವಾಗ ವಾರ್ಡಿನ ಮುಖಂಡ ಗಾಡಿಯಲ್ಲೇ ಕೇಳಿದ: “ಯಾಕ್ರೀ ಅಕ್ಕಾ, ಎಲ್ಲಾರೂ ಚಪ್ಪಾಳಿ ಹೊಡಿಯಾಕತ್ತಿದ್ರ ನೀವು ಗೊಂಬಿಗತೆ ಕುಂತಿದ್ರಿ? ವಿಡಿಯೋದಾಗ ಕಾಣಾಕತ್ತೈತಿ.”

“ತಲಿ ನೋಯಾಕತ್ತಿತ್ತು,” ಎಂದೆ. ಅಂದ ಮೇಲೆ ನಿಜಕ್ಕೂ ನೋಯತೊಡಗಿತು.

ಮರುದಿನ ಸೀರೆ ಕೊಡಲು ಹೋದರೆ ಆಪಾ ಮಷಿನಿನಿಂದ ತಲೆಯೆತ್ತಲಿಲ್ಲ.

“ಆಪಾ, ನಾ ಚಪ್ಪಾಳಿ ಹೊಡೀಲಿಲ್ರೀ.”

“ನೋಡೀನಿ ಬೇಟಿ. ನಮ್ಮ ಹುಡುಗರ ಮೊಬೈಲಿಗೂ ವಿಡಿಯೋ ಬಂದೈತಿ. ಅದಕ್ಕ ನನಗ ಅಂಜಿಕಿ. ನಿನಗ ಯಾರರ ಏನರ ಮಾಡಿದ್ರ?”

ಅವರಿಗೆ ನನಗೇನಾದೀತೆಂಬ ಭಯ, ನನಗೆ ಅವರಿಗೇನಾದೀತೆಂಬ ಭಯ.

ಆ ಸಲ ಚೀಟಿ ಹಂಚಲು ನನ್ನನ್ನು ಕರೆಯಲಿಲ್ಲ. ಸುದ್ದಿ ತಿಳಿದ ಎದುರು ಪಕ್ಷದವರು ಶಾಲು ಹಿಡಿದು ಬಂದರು. “ನಮ್ಮ ಕಡಿ ಬರ್ರಿ ಅಕ್ಕಾ. ನಿಮ್ಮ ಜಾತಿ ಓಟು ಎಷ್ಟದಾವ ಇಲ್ಲಿ?” ಕೂತು ನೀರು ಕುಡಿಯುವ ಮೊದಲೇ ಅದೇ ಮಾತು. ವಿಚಾರ ಮಾಡಿ ಹೇಳುತ್ತೇನೆಂದು ಕಳಿಸಿದೆ.

ಮತಯಂತ್ರದ ಮುಂದೆ ಬೆರಳು ಹಳೆಯ ಗುರುತಿನ ಹತ್ತಿರ ಹೋಗಿ ನಿಂತಿತು. ಅತ್ತೆ, ಗಂಡ, ನಾನು ವರ್ಷಾನುಗಟ್ಟಲೆ ಒತ್ತಿದ ಗುಂಡಿ. “ಲಗೂ ಮಾಡ್ರೆವ್ವ,” ಎಂದರು ಕೂತ ಅಧಿಕಾರಿ. ಯಾರೂ ಬೇಡವೆನ್ನುವ ಕಡೆಯ ಗುಂಡಿ ಒತ್ತಿದೆ. ಹೊರಗೆ ಬಂದಾಗ ನಿಂತವರೆಲ್ಲ ನನ್ನ ಮುಖವನ್ನೇ ಓದುತ್ತಿದ್ದಾರೆ ಎನಿಸಿತು.

ನಮ್ಮ ಪಕ್ಷವೇ ಗೆದ್ದಿತು. ‘ನಮ್ಮ’ ಎಂದು ಈಗಲೂ ಬಾಯಿಗೆ ಬರುತ್ತದೆ. ಹಲಗೆ, ಡಿಜೆ ಸಪ್ಪಳ ಬಜಾರಿನಿಂದ ಹತ್ತಿರವಾದಂತೆ ಆಪಾರನ್ನು ನನ್ನ ಅಂಗಡಿಯೊಳಗೆ ಕರೆದುಕೊಂಡು ಶಟರ್ ಇಳಿಸಿದೆ. ಮೆರವಣಿಗೆ ನಮ್ಮೆದುರು ಬಂದು ನಿಂತಿತು. ಶಟರಿನ ತಗಡು ಗಡಗಡ ನಡುಗಿತು. ಆಪಾ ನನ್ನ ಮಣಿಕಟ್ಟು ಹಿಡಿದರು. ಹೊರಗೆ ಕೂಗುತ್ತಿದ್ದ ದನಿಗಳಲ್ಲಿ ಅರ್ಧಕ್ಕರ್ಧ ನನಗೆ ಗುರುತಿದ್ದವು.