ಯಾವ ಸಾರ್ಜೆಂಟನ ಹೆಂಡತಿ?

ಸತ್ತವರ ಹೆಸರನ್ನು ಮಧ್ಯಾಹ್ನ ಹನ್ನೆರಡಕ್ಕೆ ರೇಡಿಯೊದಲ್ಲಿ ಓದುವುದು ದಕ್ಷಿಣ ಬ್ರೆಜಿಲ್‌ನ ಆ ದಂಡಿನ ಊರಿನ ಪದ್ಧತಿ. "ದಿವಂಗತ ಸಾರ್ಜೆಂಟ್ ಅದ್ರೊವಾಲ್ದೊ ಅವರ ಪತ್ನಿ, ಮಮತೆಯ ತಾಯಿ ಮರಿಯಾ ದೊರ್ವಲೀನಾ ನಿಧನ. ಸಂಜೆ ಐದಕ್ಕೆ ಮಣ್ಣು." ಕೇಳಿದ ಮಗಳು ಮಾರ್ಲೀಸಿಗೆ ಮೈಯೆಲ್ಲ ಉರಿದುಹೋಯಿತು. ಬರೆದುಕೊಟ್ಟವನು ತಮ್ಮ ಎವರ್ಟನ್, ಅದೇ ದಂಡಿನಲ್ಲಿ ಕ್ಯಾಪ್ಟನ್.

"ಈ ಊರಲ್ಲಿ ಕಲ್ಲೆಸೆದ್ರೆ ಯಾವನೋ ಸಾರ್ಜೆಂಟನ ತಲೆಗೇ ಬೀಳತ್ತೆ. ಹಿಂಗಂದ್ರೆ ಅವ್ವನ ಗುರ್ತು ಯಾರಿಗೆ ಸಿಗತ್ತೋ? ಗೇಟಿನ ದೊರ್ವಾ ಅಂತ ಓದಿಸು."

"ಸುಮ್ನಿರಕ್ಕ. ಕರ್ನಲ್ ಸಾಹೇಬ್ರು ಹೂವು ಕಳಿಸಿದಾರೆ."

ಅದ್ರೊವಾಲ್ದೊನಿಗೆ ಇಪ್ಪತ್ತೆರಡು ವರ್ಷದಲ್ಲಿ ಹನ್ನೊಂದು ವರ್ಗಾವಣೆ. ದೊರ್ವಲೀನಾ ನೆಟ್ಟ ಮರಗೆಣಸನ್ನು ಪ್ರತಿಸಲವೂ ಬೇರೆ ಸಾರ್ಜೆಂಟನ ಹೆಂಡತಿ ಅಗೆದು ತಿಂದಳು. ತೊಂಬತ್ತೆರಡನೇ ಇಸವಿಯಲ್ಲಿ ಬೆಲೆಗಳು ದಿನದಿನಕ್ಕೂ ಏರುತ್ತಿದ್ದವು, ಸಂಬಳ ಮಾತ್ರ ಕುಂಟುತ್ತಿತ್ತು. ಸಿಪಾಯಿ ಬಾಯಿಬಿಟ್ಟರೆ ಜೈಲು. ಹೆಂಡಿರಿಗೇನು ಸಮವಸ್ತ್ರವೇ? ದೊರ್ವಲೀನಾ ಅಡುಗೆಮನೆಯ ಕುರ್ಚಿ ಹೊತ್ತು ತಂದು ಇದೇ ಊರಿನ ದಂಡಿನ ಗೇಟಿಗೆ ಅಡ್ಡ ಹಾಕಿ ಕೂತಳು. ಬೆನ್ನಿಗೆ ನಲವತ್ತು ಹೆಂಗಸರು. ನಾಲ್ಕು ದಿನ ಒಂದು ಲಾರಿಯೂ ಅಲುಗಲಿಲ್ಲ. ಒಳಗೆ ಸಿಕ್ಕಿಬಿದ್ದ ಗಂಡನಿಗೆ ಇಸ್ತ್ರಿ ಬಟ್ಟೆಯನ್ನು ಕಂಬಿ ಸಂದಿನಲ್ಲಿ ತೂರಿಸಿ, "ಗೇಟು ಬಿಡಲ್ಲ ಕಣ್ರೀ. ಹಂಗಂತ ಸುಕ್ಕು ಬಟ್ಟೆ ಹಾಕ್ಕೊಂಡು ನಿಲ್ಬೇಡಿ," ಅಂದಿದ್ದಳು.

ಎಲ್ಲರಿಗೂ ಸಂಬಳ ಏರಿತು. ಅದ್ರೊವಾಲ್ದೊನಿಗೆ ಅಮೆಜಾನ್ ಗಡಿಗೆ ವರ್ಗವಾಯಿತು. ಎರಡು ತಿಂಗಳು ಅವನು ಹೆಂಡತಿಯನ್ನು ಮಾತಾಡಿಸಲಿಲ್ಲ. ಮುಂದೆ ಊರಿಗೆ ಮರಳಿದ ಮೇಲೂ, ಮಗನ ಬಡ್ತಿಗೆ ಅಡ್ಡಿಯಾದೀತೆಂದು ದೊರ್ವಲೀನಾ ಗೇಟಿನ ಆ ಹೆಂಗಸರ ಕಡೆ ತಲೆ ಹಾಕಲಿಲ್ಲ. ಮಮತೆಯ ತಾಯಿ ಅಂದರೆ ಇದೇ ಇರಬೇಕು. ಆಸ್ಪತ್ರೆಯಲ್ಲಿ ಮಾತ್ರ, "ಅವ್ರನ್ನೊಂದ್ಸಲ ಕರ್ಸೋ," ಅಂದಳು. "ಹುಷಾರಾದ್ಮೇಲೆ ನೋಡೋಣ," ಅಂದ ಮಗ.

ಅವರ ವಿಳಾಸ ಯಾರಲ್ಲೂ ಇರಲಿಲ್ಲ. ರೈಲು ಹಳಿಯಾಚೆ ಇದ್ದಾರೆ ಅನ್ನುವುದಷ್ಟೇ ಗೊತ್ತು. ಮಣ್ಣಿಗಾದರೂ ಬರಲಿ ಎಂದು ಮಾರ್ಲೀಸಿ ರೇಡಿಯೊದವನ ಹತ್ತಿರ ಓಡಿದಳು. ಕ್ಯಾಪ್ಟನ್ ಕೊಟ್ಟ ಚೀಟಿ ಬಿಟ್ಟು ಒಂದಕ್ಷರ ಓದಲಾರೆ ಅಂದ. ಕೊನೆಗೆ ಸಿಕ್ಕಿದ್ದು ಕಲ್ಲಂಗಡಿ ಮಾರುವ ಜಾಂದೀರ್, ಅವನ ವ್ಯಾನು, ವ್ಯಾನಿನ ತಲೆಯ ಮೇಲಿನ ಧ್ವನಿವರ್ಧಕ. ಹಳಿಯಾಚೆಯ ಬೀದಿಗಳಲ್ಲಿ ಅವನು ಕೂಗಿದ: "ಗೇಟಿನ ದೊರ್ವಾ ತೀರ್ಕೊಂಡ್ರು, ಐದಕ್ಕೆ ಮಣ್ಣು! ಹಣ್ಣು ಸಕ್ಕರೆ, ಬನ್ನಿ ಬನ್ನಿ!"

"ಹಣ್ಣಿನ ಮಾತು ಬಿಡೋ ಮಾರಾಯ!"

"ಸಾವು ಅಂದ್ರೆ ಬಾಗ್ಲು ಹಾಕ್ಕೋತಾರೆ ತಾಯಿ, ಕಲ್ಲಂಗಡಿ ಅಂದ್ರೆ ತೆಗೀತಾರೆ."

ಎವರ್ಟನ್‌ಗೆ ಐದು ಅಂದರೆ ಐದೇ. ಹತ್ತು ನಿಮಿಷ ತಡಿಯೋ ಎಂದು ಮಾರ್ಲೀಸಿ ಗೋಗರೆದರೂ ಕೇಳಲಿಲ್ಲ. ಸ್ಮಶಾನದಲ್ಲಿ, ಅಲ್ಲಿನ ರೂಢಿಯಂತೆ, ಪೆಟ್ಟಿಗೆ ಗೋಡೆಯ ಗೂಡಿನೊಳಗೆ ಹೋಯಿತು, ಇಟ್ಟಿಗೆ ಕಟ್ಟಿದರು, ಗಾರೆ ಮೆತ್ತಿದರು. ಐದೂ ಇಪ್ಪತ್ತೈದಕ್ಕೆ ಮೂವರು ಮುದುಕಿಯರು ಬಸ್ಸಿಳಿದು ಏದುಸಿರು ಬಿಡುತ್ತ ಬಂದರು.

"ಮುಚ್ಚೇಬಿಟ್ರಾ?" ಅಂದಳು ಕೋಲೂರಿದ ಜುರೆಮಾ. "ಹಾಳು ಬಸ್ಸು ಊರೆಲ್ಲ ಸುತ್ತಿಸ್ತು ಕಣೇ. ಮುಖಾನೂ ನೋಡಕ್ಕಾಗ್ಲಿಲ್ವಲ್ಲ."

ಮಾರ್ಲೀಸಿಗೆ ತಮ್ಮನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಅಷ್ಟರಲ್ಲಿ ಜುರೆಮಾ ಅವನನ್ನೇ ದಿಟ್ಟಿಸಿದಳು. "ಇವ್ನು ಆಗಿನ ಆ ಕೈಗೂಸಲ್ವೇನೇ? ಗೇಟಲ್ಲಿ ನಾಲ್ಕು ದಿನ ಸರದಿ ಮೇಲೆ ಎತ್ಕೊಂಡಿದ್ವಿ. ನಮ್ಮೆಲ್ಲರ ತೊಡೆ ಮೇಲೂ ಉಚ್ಚೆ ಹೊಯ್ದಿದ್ದ, ಕಳ್ಳ!"

ಕ್ಯಾಪ್ಟನ್ ಕೆಂಪಾದ. ಗಾರೆಯವನು ಕಿಸಕ್ಕನೆ ನಕ್ಕ.

ವಾಪಸ್ ಬಸ್ಸು ಇರಲಿಲ್ಲ. ಮಾರ್ಲೀಸಿ ತಮ್ಮನ ಕಾರಿನ ಬಾಗಿಲು ತೆಗೆದು, "ಹತ್ತಿ," ಅಂದಳು.

"ಅಕ್ಕ, ಮನೇಲಿ ಕರ್ನಲ್ ಕಾಯ್ತಿರ್ತಾರೆ."

"ಕಾಯ್ಲಿ. ಅವ್ವ ಕಾಯ್ಲಿಲ್ವಾ?"

ಹಿಂದಿನ ಸೀಟಿನ ಮೂವರೂ ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ತುಕೊಂಡು ಗೇಟಿನಲ್ಲಿ ದೊರ್ವಾ ಕೂತ ನಾಲ್ಕು ದಿನದ ಕತೆ ಹೇಳತೊಡಗಿದರು. ಎವರ್ಟನ್ ವೇಗ ಹೆಚ್ಚಿಸಿದ.

"ನಿಧಾನ ಓಡ್ಸೋ," ಅಂದಳು ಜುರೆಮಾ. "ಇನ್ನೂ ಎರಡನೇ ದಿನಾನೇ ಮುಗ್ದಿಲ್ಲ."